ಫ್ಲೋರೋಸಿಸ್ (ವಿಜಯಪುರ ಜಿಲ್ಲೆ)

ಕುಡಿಯುವ ನೀರಿನ ಫ್ಲೋರೈಡ್ ಮಿತಿಮೀರಿದಾಗ ಹಲ್ಲು, ಎಲುಬು, ಜೀರ್ಣಾಂಗಗಳಿಗೆ ತಗಲುವ ಕಾಯಿಲೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ಕೊಳವೆಬಾವಿಯನ್ನೇ ನೆಚ್ಚಿದ ಹಳ್ಳಿಗಳಿಗೆ ಇದರ ಭಯ ಹೆಚ್ಚು.

ಜಿಲ್ಲೆಯ ಬಹುಭಾಗ ಬಸಾಲ್ಟ್ ನೆಲ; ಮುದ್ದೇಬಿಹಾಳದ ಕಡೆ ಗ್ರಾನೈಟ್, ನೈಸ್, ಸುಣ್ಣಕಲ್ಲು ತಲೆದೋರುತ್ತವೆ. ಬಂಡೆಯ ಬಿರುಕಿನಲ್ಲಿ ಬಹುಕಾಲ ನಿಂತ, ಕ್ಯಾಲ್ಸಿಯಂ ಕಡಿಮೆಯಿರುವ ಕ್ಷಾರೀಯ ನೀರಿಗೆ ಫ್ಲೋರೈಡ್ ಸುಲಭವಾಗಿ ಬೆರೆಯುತ್ತದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ. ಬೇರೆ ನೀರೇ ಇಲ್ಲದಿದ್ದರೆ 1.5.

2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಡಿ ತಾಲ್ಲೂಕಿನ 22 ಹಳ್ಳಿಗಳ ಅಂತರ್ಜಲವನ್ನೂ ಜನರ ಆರೋಗ್ಯವನ್ನೂ ಜೊತೆಗಿಟ್ಟು ನೋಡಿತು. ಜನರನ್ನು ಒಮ್ಮೆ ಮಾತ್ರ ಪರೀಕ್ಷಿಸುವ ಅಡ್ಡ-ವಿಭಾಗೀಯ ಸಮೀಕ್ಷೆಗಳಿಗೆ ಒಂದು ತೊಡಕುಂಟು: ಯಾವುದು ಮೊದಲು, ಯಾವುದು ಆಮೇಲೆ ಎಂಬುದು ತಿಳಿಯದು. ಫ್ಲೋರೋಸಿಸ್‌ನಲ್ಲಿ ಮಾತ್ರ ಹಲ್ಲೇ ಸಾಕ್ಷಿ ನುಡಿಯುತ್ತದೆ. ಬಾಯಿಯಲ್ಲಿ ಕಾಣುವ ಹಲ್ಲುಗಳ ದಂತಕವಚ ಸುಮಾರು ಎಂಟು ವರ್ಷದೊಳಗೆ ರೂಪುಗೊಳ್ಳುವುದರಿಂದ, ಹದಿನೈದರ ಹುಡುಗಿಯ ಹಲ್ಲಿನ ಕಲೆ ಅವಳು ಕೂಸಾಗಿದ್ದಾಗ ಕುಡಿದ ನೀರಿನ ಗುರುತು. ಊರಿಗೆ ಈಗ ಒಳ್ಳೆಯ ನೀರು ಬಂದಿದ್ದರೂ ಆ ಕಲೆ ಹೋಗದು.

ಪರೀಕ್ಷಿಸುವವರ ಕಣ್ಣು ಪಳಗಿರಬೇಕು. ಫ್ಲೋರೋಸಿಸ್ ಕಲೆ ಎಡಬಲದ ಜೋಡಿಹಲ್ಲುಗಳಲ್ಲಿ ಒಂದೇ ಬಗೆಯಾಗಿ, ಅಡ್ಡಗೆರೆಯಾಗಿ, ಸುಣ್ಣದ ಬಿಳುಪಿನಿಂದ ಕಂದಿನವರೆಗೆ ಕಾಣುತ್ತದೆ. ಅದು ಕವಚದೊಳಗೇ ಇರುವುದರಿಂದ ಉಜ್ಜಿದರೂ ಬಿಡದು. ತಂಬಾಕು, ಗುಟ್ಕಾದ ಕಲೆ ಮೇಲ್ಮೈಗೆ, ಹೆಚ್ಚಾಗಿ ವಸಡಿನಂಚಿಗೆ ಅಂಟಿರುತ್ತದೆ. ತೀವ್ರತೆ ಅಳೆಯಲು ಅಮೆರಿಕದ ದಂತವೈದ್ಯ ಡೀನ್ 1942ರಲ್ಲಿ ಪರಿಷ್ಕರಿಸಿದ ಸೂಚ್ಯಂಕ ಇಂದಿಗೂ ಬಳಕೆಯಲ್ಲಿದೆ.

ಹೊಟ್ಟೆಯ ಕಥೆ ಬೇರೆ. ಜಠರದ ಆಮ್ಲ ಸೇರಿದ ಫ್ಲೋರೈಡ್ ಹೈಡ್ರೋಫ್ಲೋರಿಕ್ ಆಮ್ಲವಾಗಿ ಒಳಪದರವನ್ನು ಕೆರಳಿಸುತ್ತದೆ. ವಾಕರಿಕೆ, ಹೊಟ್ಟೆನೋವು, ಉಬ್ಬರ, ಮಲಬದ್ಧತೆ ಇದರ ಲಕ್ಷಣಗಳು. ದೆಹಲಿಯ ಎ.ಕೆ. ಸುಶೀಲಾ ಮತ್ತು ಸಂಗಡಿಗರು 1990ರ ದಶಕದಲ್ಲಿ ಎಂಡೋಸ್ಕೋಪಿಯಿಂದ ಈ ಹಾನಿಯನ್ನು ತೋರಿಸಿಕೊಟ್ಟರು. ನೀರು ಬದಲಾದರೆ ಈ ತೊಂದರೆ ಕೆಲವೇ ವಾರಗಳಲ್ಲಿ ಇಳಿಯಬಲ್ಲದು. ಹಲ್ಲು ಹಳೆಯ ನೀರನ್ನು ಹೇಳಿದರೆ ಹೊಟ್ಟೆ ಇಂದಿನ ನೀರನ್ನು ಹೇಳುತ್ತದೆ. ಹಾಗಾಗಿ ಎರಡನ್ನೂ ಒಂದೇ ಸಮೀಕ್ಷೆಯಲ್ಲಿ ಕೇಳುವುದು ತೀರಾ ಅಗತ್ಯ. ಹಲ್ಲನ್ನಷ್ಟೇ ಎಣಿಸಿದರೆ ಸದ್ಯದ ಅಪಾಯ ಲೆಕ್ಕಕ್ಕೆ ಬಾರದು.

ಕಾಯಿಸಿದರೆ ಫ್ಲೋರೈಡ್ ಹೋಗದು, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಪಟಿಕ ಮತ್ತು ಸುಣ್ಣ ಬಳಸುವ ನಲ್ಗೊಂಡ ವಿಧಾನ, ಆರ್‌ಓ ಘಟಕ, ಕೃಷ್ಣಾ–ಭೀಮಾ ನದಿನೀರಿನ ಬಹುಗ್ರಾಮ ಯೋಜನೆಗಳು ಪರಿಹಾರ ಮಾರ್ಗಗಳು. ಘಟಕದ ಕ್ಯಾನ್ ನೀರು ಕುಡಿಯಲು ಮಾತ್ರ ಮೀಸಲಾಗಿ, ಬೇಳೆ ಬೇಯಿಸಲು, ರೊಟ್ಟಿ ಹಿಟ್ಟು ನಾದಲು ಬೋರಿನ ನೀರೇ ಆದರೆ ಫ್ಲೋರೈಡ್ ಊಟದ ಮೂಲಕ ಒಳಸೇರುತ್ತಲೇ ಇರುತ್ತದೆ. 2008–09ರಲ್ಲಿ ಆರಂಭವಾದ ರಾಷ್ಟ್ರೀಯ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಶಾಲಾಮಕ್ಕಳ ಹಲ್ಲಿನ ತಪಾಸಣೆಯೂ ಸೇರಿದೆ.