ಆರೋಗ್ಯಕ್ಕಾಗಿ ಒಂದು ಪೆಗ್

ಮುಂಬಯಿಯ ಯಾವ ಉಪನಗರದಲ್ಲಿ ಇಳಿದರೂ ಸ್ಟೇಷನ್ ಹತ್ತಿರ ‘ಪರ್ಮಿಟ್ ರೂಮ್’ ಎಂಬ ಬೋರ್ಡು ಕಾಣುತ್ತದೆ. ಎಷ್ಟೋ ಕಡೆ ಗಲ್ಲಾದಲ್ಲಿ ಕೂತವರು ಉಡುಪಿ, ಮಂಗಳೂರು ಕಡೆಯ ಶೆಟ್ಟರು. ಪರ್ಮಿಟ್ ಎಂದರೆ ಅಂಗಡಿಯ ಲೈಸೆನ್ಸು ಎಂದು ನಾನೂ ಬಹುಕಾಲ ತಿಳಿದಿದ್ದೆ. ಅಲ್ಲ, ಅದು ಕುಡಿಯುವವನ ಜೇಬಿನಲ್ಲಿರಬೇಕಾದ ಪರವಾನಗಿ. ವಿದೇಶಿ ಮದ್ಯಕ್ಕೆ ಒಂದು ದಿನದ ಪರ್ಮಿಟ್ಟಿನ ಬೆಲೆ 5 ರೂಪಾಯಿ. ಅದರಲ್ಲಿ ಕಾರಣವೂ ಅಚ್ಚಾಗಿರುತ್ತದೆ: ಆರೋಗ್ಯ ಕಾಪಾಡಿಕೊಳ್ಳಲು!

ಇದರ ಮೂಲ 1949ರ ಮುಂಬಯಿ ಪಾನನಿಷೇಧ ಕಾಯ್ದೆ. ಬಿ. ಜಿ. ಖೇರ್ ಸರ್ಕಾರದಲ್ಲಿ ಮೊರಾರ್ಜಿ ದೇಸಾಯಿ ಗೃಹಮಂತ್ರಿ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರಗಳೂ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದುದರಿಂದ ಕನ್ನಡಿಗರಿಗೂ ಇದು ಮನೆಯ ಕಾನೂನು.

ಎಫ್. ಎನ್. ಬಾಲ್ಸಾರಾ ಎಂಬುವರು ಕೋರ್ಟಿಗೆ ಹೋದರು. ವಿಸ್ಕಿ, ಬ್ರಾಂಡಿ, ಬಿಯರ್‌ಗಳ ಜೊತೆ ಕಲೋನ್ ನೀರನ್ನೂ ಇಟ್ಟುಕೊಳ್ಳುವ, ಬಳಸುವ ಹಕ್ಕು ತಮಗಿದೆ ಎಂದರು. 1951ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿಯಿತು. ಆಲ್ಕೋಹಾಲ್ ಇರುವ ಔಷಧಿ, ಸುಗಂಧದ್ರವ್ಯಗಳ ಮೇಲಿನ ನಿರ್ಬಂಧ ಬಿತ್ತು. ಮದ್ಯವನ್ನು ಹೊಗಳಬಾರದೆಂಬ ನಿಯಮವೂ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಬಿತ್ತು. ಅಂದರೆ ಹೊಗಳಬಹುದು, ಕುಡಿಯುವಂತಿಲ್ಲ.

ಪಾನನಿಷೇಧದ ಪರವಾಗಿದ್ದ ಗಟ್ಟಿ ವಾದ ಕುಡುಕನ ದೇಹದ್ದಲ್ಲ, ಅವನ ಮನೆಯದು. ಪಗಾರ ಗುತ್ತೆಗೆ ಹೋದರೆ ಒಲೆ ಹೊತ್ತುವುದಿಲ್ಲ. ಏಟು ಬೀಳುವುದು ಹೆಂಡತಿಗೆ. ಆ ಮಾತನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಆದರೆ ತನ್ನ ದುಡ್ಡಿನಲ್ಲಿ, ಯಾರಿಗೂ ತೊಂದರೆ ಕೊಡದೆ ಒಬ್ಬನೇ ಕೂತು ಕುಡಿಯುವವನ ಬಳಿ ಬಂದಾಗ ಈ ವಾದ ಸಾಲುವುದಿಲ್ಲ. ಅವನು ತನಗೇ ಮಾಡಿಕೊಳ್ಳುವ ಕೇಡನ್ನು ತಪ್ಪೆನ್ನಬೇಕೇ? ಕಾನೂನು ನೇರವಾಗಿ ಉತ್ತರಿಸಲಿಲ್ಲ. 1960ರ ದಶಕದಲ್ಲಿ ಬಿಗಿ ಸಡಿಲಿಸಿದಾಗಲೂ ನಿಷೇಧವನ್ನು ತೆಗೆಯಲಿಲ್ಲ, ‘ಆರೋಗ್ಯ’ದ ಬಾಗಿಲನ್ನು ಅಗಲ ಮಾಡಿತು ಅಷ್ಟೆ.

ನಮ್ಮನ್ನು ನಾವು ನಡೆಸಿಕೊಳ್ಳುವ ರೀತಿ ನೀತಿಯ ವಿಷಯವೇ ಎಂದು ನನಗನ್ನಿಸುತ್ತದೆ. ಬೇರೆಯವರಿಗೆ ಮಾಡಿದ ಅನ್ಯಾಯಕ್ಕೆ ಸಾಕ್ಷಿ ಸಿಗುತ್ತದೆ; ಇಲ್ಲಿ ತಪ್ಪು ಮಾಡಿದವನೂ ನಾನೇ, ಸಾಕ್ಷಿಯೂ ನಾನೇ. ಹಾಗಾಗಿ ತನಗೆ ತಾನು ಸುಳ್ಳು ಹೇಳಿಕೊಳ್ಳದಿರುವುದೇ ಇಲ್ಲಿಯ ಮೊದಲ ಕರ್ತವ್ಯ. ನೀತಿ ಕಲಿಸಲು ಹೊರಟ ಕಾಯ್ದೆ ಆ ಸುಳ್ಳನ್ನೇ ಅಚ್ಚುಹಾಕಿಸಿ, ಐದು ರೂಪಾಯಿಗೆ ಕೈಗಿತ್ತಿತು.