ಅವಧಿಯ ನಡುವೆ ಸಂಬಳ ಏರಿದರೆ ಇಎಸ್‌ಐ ಕಡಿತ ಏನಾಗುತ್ತದೆ?

ಸಂಬಳ ಏರಿದ ತಿಂಗಳ ವೇತನ ಚೀಟಿಯಲ್ಲಿ ನೌಕರ ಮೊದಲು ನೋಡುವುದು ಕೈಗೆ ಬರುವ ಮೊತ್ತವನ್ನು. ಅನಂತರ ಕಡಿತದ ಸಾಲುಗಳನ್ನು. ಅಲ್ಲಿ ಇಎಸ್‌ಐ ಕಡಿತ ಇನ್ನೂ ಉಳಿದಿದ್ದು, ಹಿಂದಿನ ತಿಂಗಳಿಗಿಂತ ಹೆಚ್ಚೂ ಆಗಿದ್ದರೆ ಲೆಕ್ಕ ವಿಭಾಗದವರು ತಪ್ಪಿದ್ದಾರೆಂದು ಅನ್ನಿಸುವುದು ಸಹಜ. 21,000 ರೂಪಾಯಿ ದಾಟಿದವರಿಗೆ ಇಎಸ್‌ಐ ಇಲ್ಲ ಎಂಬ ಮಾತು ಕಾರ್ಖಾನೆ, ಅಂಗಡಿ, ಕಚೇರಿಗಳಲ್ಲೆಲ್ಲ ಚಲಾವಣೆಯಲ್ಲಿದೆ. ಆ ಮಾತು ಅರ್ಧ ಮಾತ್ರ ನಿಜ.

ನೌಕರರ ರಾಜ್ಯ ವಿಮಾ ಯೋಜನೆಯ ಲೆಕ್ಕ ತಿಂಗಳಿನದಲ್ಲ, ಅರ್ಧ ವರ್ಷದ್ದು. 1950ರ ಸಾಮಾನ್ಯ ವಿನಿಯಮಗಳು ವರ್ಷವನ್ನು ಎರಡು ವಂತಿಗೆ ಅವಧಿಗಳಾಗಿ ವಿಭಾಗಿಸಿವೆ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರವರೆಗೆ ಒಂದು, ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಇನ್ನೊಂದು. ಅವಧಿ ಆರಂಭವಾದ ದಿನ ಮಿತಿಯೊಳಗಿದ್ದ ನೌಕರನ ವೇತನ ಆ ಬಳಿಕ ಮಿತಿಯನ್ನು ದಾಟಿದರೂ, ಅವಧಿ ಮುಗಿಯುವವರೆಗೆ ಆತ ವಿಮಾದಾರನಾಗಿಯೇ ಮುಂದುವರಿಯುತ್ತಾನೆ ಎಂಬುದು 1948ರ ಕಾಯ್ದೆ ಹಾಕಿಕೊಟ್ಟ ನಿಯಮ. 15,000 ರೂಪಾಯಿಯಾಗಿದ್ದ ಮಿತಿಯನ್ನು 21,000 ರೂಪಾಯಿಗೆ ಏರಿಸಿದ್ದು 2017ರ ಜನವರಿ 1ರಂದು. ಅಂಗವಿಕಲ ನೌಕರರಿಗೆ ಅದು 25,000 ರೂಪಾಯಿ.

ಒಂದು ಉದಾಹರಣೆ ನೋಡೋಣ. ಏಪ್ರಿಲ್‌ನಲ್ಲಿ 20,500 ರೂಪಾಯಿ ಇದ್ದ ಮಾಸಿಕ ವೇತನ ಜುಲೈ 1ರಿಂದ 24,000 ರೂಪಾಯಿಗೆ ಏರಿತು ಎಂದಿಟ್ಟುಕೊಳ್ಳಿ. 2019ರ ಜುಲೈ 1ರಂದು ಇಳಿಸಲಾದ ದರದಂತೆ ನೌಕರನ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಏಪ್ರಿಲ್‌ನಿಂದ ಜೂನ್‌ವರೆಗೆ ನೌಕರನಿಂದ ತಿಂಗಳಿಗೆ 153.75 ರೂಪಾಯಿ ಬರಬೇಕು; ಪೈಸೆಯನ್ನು ಮುಂದಿನ ರೂಪಾಯಿಗೆ ಏರಿಸುವುದು ಕ್ರಮವಾದ್ದರಿಂದ ಕಡಿತ 154 ರೂಪಾಯಿ. ಜುಲೈಯಿಂದ ಸೆಪ್ಟೆಂಬರ್‌ವರೆಗೆ 180 ರೂಪಾಯಿ. ಅಂದರೆ 21,000ಕ್ಕೆ ಕಡಿತವನ್ನು ನಿಲ್ಲಿಸುವಂತಿಲ್ಲ, ಪೂರ್ಣ 24,000ದ ಮೇಲೆ ಲೆಕ್ಕ ಹಾಕಬೇಕು. ಮಾಲೀಕರ ಪಾಲು ಈ ಮೂರು ತಿಂಗಳು ತಲಾ 780 ರೂಪಾಯಿ. ಅಕ್ಟೋಬರ್‌ನಿಂದ ಎರಡೂ ಕಡಿತಗಳು ನಿಲ್ಲುತ್ತವೆ.

ಇದೇ ಏರಿಕೆ ಏಪ್ರಿಲ್ 1ರಂದೇ ಜಾರಿಗೆ ಬಂದಿದ್ದರೆ ಕಥೆ ಬೇರೆ. ಅವಧಿಯ ಮೊದಲ ದಿನವೇ ವೇತನ ಮಿತಿ ಮೀರಿದ್ದರಿಂದ ಆ ನೌಕರ ಏಪ್ರಿಲ್‌ನಿಂದಲೇ ಹೊರಗೆ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪರಿಷ್ಕರಣೆಗೊಳ್ಳುವುದೂ ಏಪ್ರಿಲ್ 1ರಿಂದಲೇ. ಮಿತಿಯ ಅಂಚಿನಲ್ಲಿರುವವರು ಗಮನಿಸಬೇಕಾದ ದಿನ ಅದು.

ತಪ್ಪು ಹೆಚ್ಚಾಗಿ ನಡೆಯುವುದು ಸಂಬಳ ಏರಿದ ತಿಂಗಳಲ್ಲೇ ಕಡಿತ ನಿಲ್ಲಿಸಿಬಿಡುವಲ್ಲಿ. ನೌಕರನೂ ನೂರೆಂಬತ್ತು ರೂಪಾಯಿ ಉಳಿಯಿತೆಂದು ಸುಮ್ಮನಿರುತ್ತಾನೆ. ಆದರೆ ಏನು ಕಳೆದುಹೋಗುತ್ತದೆ ನೋಡಿ. ಅನಾರೋಗ್ಯ ಭತ್ಯೆ ಪಡೆಯಬೇಕಾದರೆ ಒಂದು ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಾಯವಾಗಿರಬೇಕು. ಮೇ 1ರಂದು ಸಂಬಳ ಏರಿ ಅಂದೇ ಕಡಿತ ನಿಂತರೆ ಏಪ್ರಿಲ್‌ನ 30 ದಿನಗಳಷ್ಟೇ ದಾಖಲೆಯಲ್ಲಿ ಉಳಿಯುತ್ತವೆ. ಏಪ್ರಿಲ್-ಸೆಪ್ಟೆಂಬರ್ ಅವಧಿಗೆ ಸಲ್ಲುವ ಸೌಲಭ್ಯ ಅವಧಿ ಮುಂದಿನ ಜನವರಿ 1ರಿಂದ ಜೂನ್ 30ರವರೆಗಿನದು. ಆ ಆರು ತಿಂಗಳಲ್ಲಿ ನೌಕರ ಹಾಸಿಗೆ ಹಿಡಿದರೆ ಭತ್ಯೆ ಕೇಳಲು ಆಧಾರವೇ ಇರುವುದಿಲ್ಲ. ಹೆರಿಗೆ ಸೌಲಭ್ಯಕ್ಕೂ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಬೇಕು. 26 ವಾರಗಳ ಪೂರ್ಣ ವೇತನದ ಪ್ರಶ್ನೆ ಅದು.

ಹೆಚ್ಚಿದ ಕಡಿತ ಪೂರಾ ನಷ್ಟವೂ ಅಲ್ಲ. ಅನಾರೋಗ್ಯ ಭತ್ಯೆ ಸರಾಸರಿ ದಿನಗೂಲಿಯ ಶೇ 70. ಮೇಲಿನ ಉದಾಹರಣೆಯಲ್ಲಿ ಆರು ತಿಂಗಳ ವೇತನ 1,33,500 ರೂಪಾಯಿ. 183 ದಿನಗಳಿಗೆ ಹಂಚಿದರೆ ಭತ್ಯೆ ದಿನಕ್ಕೆ ಸುಮಾರು 510 ರೂಪಾಯಿ. ಸಂಬಳ ಏರದಿದ್ದರೆ ಸುಮಾರು 470 ಆಗುತ್ತಿತ್ತು.

ಬಿಟ್ಟುಹೋದ ಕಡಿತವನ್ನು ಮುಂದಿನ ತಿಂಗಳುಗಳ ಸಂಬಳದಿಂದ ಒಟ್ಟಾಗಿ ಹಿಡಿಯುವ ರೂಢಿ ಕೆಲವೆಡೆ ಇದೆ. 1948ರ ಕಾಯ್ದೆಯ 40ನೇ ಸೆಕ್ಷನ್ ಇದನ್ನು ಒಪ್ಪಿರಲಿಲ್ಲ. ಯಾವ ಅವಧಿಗೆ ವಂತಿಗೆ ಸಲ್ಲಬೇಕೋ ಆ ಅವಧಿಯ ವೇತನದಿಂದ ಮಾತ್ರ ನೌಕರನ ಪಾಲನ್ನು ಮುರಿಯಬಹುದೆಂದು ಅದು ಹೇಳಿತ್ತು. ಎರಡೂ ಪಾಲುಗಳನ್ನು ಮೊದಲು ಕಟ್ಟುವ ಹೊಣೆ ಮಾಲೀಕರದೇ. ಮರೆತವರು ಮಾಲೀಕರಾದರೆ ಬಾಕಿ ತೆರಬೇಕಾದವರೂ ಅವರೇ ಎಂಬ ಈ ನ್ಯಾಯ ಸರಿಯಾದುದೇ.

ಭವಿಷ್ಯನಿಧಿಯ ರೀತಿ ಇದಕ್ಕಿಂತ ಭಿನ್ನ. ಅಲ್ಲಿ 2014ರ ಸೆಪ್ಟೆಂಬರ್ 1ರಂದು ಮಿತಿಯನ್ನು 15,000 ರೂಪಾಯಿಗೆ ನಿಗದಿಪಡಿಸಲಾಯಿತು. ಒಮ್ಮೆ ಸದಸ್ಯನಾದವನು ವೇತನ ಎಷ್ಟೇ ಏರಿದರೂ ಹೊರಬೀಳುವುದಿಲ್ಲ. ವಂತಿಗೆಯನ್ನು ಮಿತಿಯ ಮೊತ್ತಕ್ಕೆ ಸೀಮಿತಗೊಳಿಸಲು ಅವಕಾಶವಿದೆ. ಇಎಸ್‌ಐಯಲ್ಲಿ ಸೀಮಿತಗೊಳಿಸುವ ಅವಕಾಶವಿಲ್ಲ, ಆದರೆ ಹೊರಬೀಳುವುದುಂಟು. ಎರಡನ್ನೂ ಬೆರೆಸಿ ಲೆಕ್ಕ ಹಾಕುವುದರಿಂದಲೇ ಅರ್ಧದಷ್ಟು ಗೊಂದಲ ಹುಟ್ಟುತ್ತದೆ.

2020ರ ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದು 1948ರ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡಿತು. ಸ್ಥಿತ್ಯಂತರದ ಕಾಲದಲ್ಲಿ ಹಳೆಯ ನಿಯಮಗಳು ಮುಂದುವರಿಯುತ್ತವೆಂದು ಕೇಂದ್ರ ಸರಕಾರ ಅಂದು ತಿಳಿಸಿತ್ತು. ಮುಖ್ಯ ಬದಲಾವಣೆ ವೇತನದ ವ್ಯಾಖ್ಯೆಯದು. ಹಳೆಯ ಕಾಯ್ದೆಯಲ್ಲಿ ಮನೆ ಬಾಡಿಗೆ ಭತ್ಯೆ ವೇತನದೊಳಗೆ ಬರುತ್ತಿತ್ತು. ಸಂಹಿತೆಯ ವ್ಯಾಖ್ಯೆ ಅದನ್ನು ಹೊರಗಿಡುತ್ತದೆ. ಹೊರಗಿಟ್ಟ ಭತ್ಯೆಗಳ ಮೊತ್ತ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ ಹೆಚ್ಚುವರಿ ಭಾಗವನ್ನು ಮತ್ತೆ ವೇತನಕ್ಕೆ ಸೇರಿಸಬೇಕು. ಆದ್ದರಿಂದ ಸಂಬಳ ಏರಿತೆಂದ ಮಾತ್ರಕ್ಕೆ ಮಿತಿ ದಾಟಿತೆಂದು ತೀರ್ಮಾನಿಸುವ ಮೊದಲು, ಏರಿದ್ದು ಮೂಲವೇತನವೋ ಭತ್ಯೆಯೋ ಎಂದು ಚೀಟಿಯನ್ನು ಬಿಡಿಸಿ ನೋಡಬೇಕಾಗಿದೆ.

ಸೆಪ್ಟೆಂಬರ್ 30ಕ್ಕೆ ಹೊರಬೀಳುವ ನೌಕರನ ವಿಮೆಯ ಗುರುತಿನ ಚೀಟಿ ಅಕ್ಟೋಬರ್ 1ರಂದೇ ವ್ಯರ್ಥವಾಗುವುದಿಲ್ಲ. ಅಗತ್ಯ ದಿನಗಳ ವಂತಿಗೆ ಪೂರೈಸಿದ್ದರೆ ಡಿಸೆಂಬರ್‌ವರೆಗೆ ಹಿಂದಿನ ಅವಧಿಯ ಬಲದಿಂದಲೂ, ಜನವರಿಯಿಂದ ಜೂನ್ 30ರವರೆಗೆ ಈ ಅವಧಿಯ ಬಲದಿಂದಲೂ ಚಿಕಿತ್ಸೆ ದೊರೆಯುತ್ತದೆ. ಮನೆಯಲ್ಲಿ ವಯಸ್ಸಾದ ತಂದೆ ತಾಯಿಯಿದ್ದು, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಂಥ ಕಡೆ ಚಿಕಿತ್ಸೆ ನಡೆಯುತ್ತಿದ್ದರೆ ಈ ಒಂಬತ್ತು ತಿಂಗಳು ದೊಡ್ಡ ಅವಕಾಶ. ಸಂಸ್ಥೆಯ ಗುಂಪು ಆರೋಗ್ಯ ವಿಮೆಯಲ್ಲಿ ಹೆತ್ತವರಿಗೆ ಜಾಗವಿದೆಯೇ ಎಂಬುದನ್ನು ಅಷ್ಟರೊಳಗೆ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ವಿಮಾ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ. ಮುಂದೆಂದಾದರೂ ಮಿತಿ ಏರಿ ಮತ್ತೆ ಯೋಜನೆಯೊಳಗೆ ಬಂದರೆ ಅದೇ ಸಂಖ್ಯೆ ಬಳಕೆಗೆ ಬರುತ್ತದೆ.