ಯಾನಹಿಂಸಾವಿಚಾರ: ಸಾರಥಿಯ ದೋಷವೂ ಸ್ವಾಮಿಯ ದೋಷವೂ

ಬಾಡಿಗೆಗಾಗಲಿ ವ್ಯಾಪಾರಕ್ಕಾಗಲಿ ಓಡುವ ವಾಹನದಿಂದ ಪ್ರಾಣಹಾನಿಯುಂಟಾದಾಗ ದೋಷವು ಓಡಿಸಿದವನದೋ, ಅವನನ್ನು ನೇಮಿಸಿದ ಒಡೆಯನದೋ ಎಂಬ ಪ್ರಶ್ನೆಯು ಮೋಟಾರು ಬಂಡಿಗಳೊಡನೆ ಹುಟ್ಟಿದುದೆಂದು ಅನೇಕರು ಭಾವಿಸಿರುವರು. ಇದು ಹಾಗಲ್ಲ. ನಮ್ಮ ಧರ್ಮಶಾಸ್ತ್ರಕಾರರೂ ಅರ್ಥಶಾಸ್ತ್ರಕಾರರೂ ಈ ಪ್ರಶ್ನೆಯನ್ನು ಎತ್ತಿ, ತಕ್ಕಮಟ್ಟಿಗೆ ಸೂಕ್ಷ್ಮವಾಗಿಯೇ ಉತ್ತರವನ್ನೂ ಹೇಳಿರುವರು. ಅವರ ಮತಗಳನ್ನು ಒಂದೆಡೆ ಕೂಡಿಸಿ, ಅವುಗಳೊಳಗಿನ ಭೇದಗಳನ್ನು ವಿಮರ್ಶಿಸಿ, ಇಂದಿನ ಸಾರಿಗೆಯ ನಿಯಮಗಳೊಡನೆ ಹೋಲಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶವು.

೧. ತ್ರ್ಯರುಣನ ಇತಿಹಾಸ

ಈ ವಿವಾದದ ಅತಿ ಪ್ರಾಚೀನವಾದ ನಿದರ್ಶನವು ಬ್ರಾಹ್ಮಣಗ್ರಂಥಗಳಲ್ಲಿ ದೊರೆಯುತ್ತದೆ. ಇಕ್ಷ್ವಾಕುವಂಶದ ತ್ರ್ಯರುಣನೆಂಬ ರಾಜನಿಗೆ ವೃಶ ಜಾನನೆಂಬವನು ಪುರೋಹಿತನಾಗಿದ್ದನು. ರಾಜನು ರಥದಲ್ಲಿ ಕುಳಿತು, ಪುರೋಹಿತನು ಕಡಿವಾಣದ ಹಗ್ಗವನ್ನು ಹಿಡಿದು ಹೋಗುತ್ತಿರುವಾಗ, ಒಬ್ಬ ಬ್ರಾಹ್ಮಣ ಬಾಲಕನು ಗಾಲಿಗೆ ಸಿಕ್ಕಿ ಮೃತನಾದನು. ನೀನೇ ಕೊಂದೆಯೆಂದು ರಾಜನು ಪುರೋಹಿತನನ್ನೂ, ರಥವು ನಿನ್ನದೆಂದು ಪುರೋಹಿತನು ರಾಜನನ್ನೂ ದೂರಿದರು. ವಿವಾದವು ಇಕ್ಷ್ವಾಕುಗಳ ಮುಂದೆ ಹೋಗಲು, ಅವರು ಹಗ್ಗ ಹಿಡಿದವನೇ ಹಂತಕನೆಂದು ತೀರ್ಪುಮಾಡಿದರು. ವೃಶನು ಸಾಮಗಾನದಿಂದ ಬಾಲಕನನ್ನು ಬದುಕಿಸಿ, ಕೋಪದಿಂದ ಅವರನ್ನು ತೊರೆದು ಹೋದನು. ಆಗ ಇಕ್ಷ್ವಾಕುಗಳ ಮನೆಗಳಲ್ಲಿ ಅಗ್ನಿಯು ತನ್ನ ತಾಪವನ್ನು ಕಳೆದುಕೊಂಡಿತು. ಒಲೆಯ ಮೇಲಿಟ್ಟ ಅನ್ನವು ಬೇಯದಾಯಿತು. ಅವನನ್ನು ಮರಳಿ ಕರೆತಂದ ಮೇಲೆಯೇ ಬೆಂಕಿಗೆ ತಾಪವು ಬಂದಿತು.

ತಾಂಡ್ಯ, ಜೈಮಿನೀಯ ಬ್ರಾಹ್ಮಣಗಳಲ್ಲಿಯೂ ಬೃಹದ್ದೇವತೆಯಲ್ಲಿಯೂ ಈ ಕಥೆಯು ಸ್ವಲ್ಪ ಸ್ವಲ್ಪ ಭೇದದಿಂದ ಬಂದಿರುತ್ತದೆ. ವಿಜಯನಗರದ ಅರಸರ ಆಶ್ರಯದಲ್ಲಿದ್ದ ಸಾಯಣಾಚಾರ್ಯನೂ ಋಗ್ವೇದದ ಐದನೆಯ ಮಂಡಲದ ಎರಡನೆಯ ಸೂಕ್ತದ ಭಾಷ್ಯದಲ್ಲಿ ಇದನ್ನು ಸಂಗ್ರಹಿಸಿರುವನು. ಬಾಲಕನು ಬದುಕಿದನೆಂಬ ಅದ್ಭುತವು ಇಲ್ಲಿ ನಮಗೆ ಮುಖ್ಯವಲ್ಲ. ಒಡೆಯನ ಬಂಧುಗಳೇ ನ್ಯಾಯಾಧಿಪತಿಗಳಾಗಿ ಕುಳಿತು ದೋಷವನ್ನೆಲ್ಲ ಓಡಿಸಿದವನ ಮೇಲೆ ಹೊರಿಸಿದರು. ಆ ತೀರ್ಪಿನ ಬಳಿಕ ಅವರ ಮನೆಗಳ ಬೆಂಕಿಯೇ ಕೆಟ್ಟಂತಾಯಿತು ಎಂಬುದೇ ಗಮನಿಸತಕ್ಕ ಅಂಶವು. ಕಥೆಯನ್ನು ಕಟ್ಟಿದವರಿಗೆ ಆ ತೀರ್ಪು ಒಪ್ಪಿಗೆಯಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

೨. ಮನುವಿನ ದಶಾತಿವರ್ತನಗಳು

ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ೨೯೦ನೆಯ ಶ್ಲೋಕದಿಂದ ೨೯೮ನೆಯದರವರೆಗೆ ಒಂಬತ್ತು ಶ್ಲೋಕಗಳು ಯಾನಹಿಂಸೆಗೇ ಮೀಸಲಾಗಿವೆ. ಯಾನಕ್ಕೂ ಯಾತೃವಿಗೂ ಯಾನಸ್ವಾಮಿಗೂ ದಂಡವಿಲ್ಲದ ಹತ್ತು ಸಂದರ್ಭಗಳನ್ನು ಸ್ಮೃತಿಕಾರನು ಮೊದಲು ಎಣಿಸುವನು. ಮೂಗುದಾರವು ಕಡಿದುಹೋಗುವುದು, ನೊಗ ಮುರಿಯುವುದು, ಬಂಡಿಯು ಅಡ್ಡಲಾಗಿ ಸರಿಯುವುದು, ಹಿಂದಕ್ಕೆ ತಿರುಗುವುದು, ಅಚ್ಚು ಮುರಿಯುವುದು, ಗಾಲಿ ಮುರಿಯುವುದು, ಚರ್ಮದ ಕಟ್ಟುಗಳು ಹರಿಯುವುದು, ಎತ್ತಿನ ಕೊರಳಿನ ಜತ್ತಿಗೆ ಹರಿಯುವುದು, ಹಿಡಿದ ಹಗ್ಗವು ಹರಿಯುವುದು, ಸಾರಥಿಯು ದಾರಿ ಬಿಡಿರೆಂದು ಕೂಗಿಕೊಂಡರೂ ಎದುರಿನವನು ಸರಿಯದಿರುವುದು — ಇವೇ ಆ ಹತ್ತು. ಇವುಗಳಲ್ಲಿ ಒಂಬತ್ತು ಬಂಡಿಯ ಅಥವಾ ಪಶುವಿನ ವೈಕಲ್ಯಕ್ಕೆ ಸೇರಿದವು. ಕಡೆಯದೊಂದು ಮಾತ್ರ ದಾರಿಹೋಕನ ಅನವಧಾನಕ್ಕೆ ಸೇರಿದುದು.

ಮಿಕ್ಕ ಸಂದರ್ಭಗಳಲ್ಲಿ ದಂಡವುಂಟು. ಅದನ್ನು ಹಂಚುವ ಕ್ರಮವು ವಿಚಾರಾರ್ಹವಾಗಿದೆ. ಸಾರಥಿಯ ವೈಗುಣ್ಯದಿಂದ, ಎಂದರೆ ಅಕೌಶಲದಿಂದ, ಬಂಡಿಯು ದಾರಿತಪ್ಪಿ ಹಿಂಸೆಯಾದರೆ ಒಡೆಯನಿಗೆ ೨೦೦ ಪಣಗಳ ದಂಡ. ಸಾರಥಿಯು ಆಪ್ತನಾಗಿದ್ದರೆ ದಂಡವು ಸಾರಥಿಗೆ. ಅವನು ಅನಾಪ್ತನಾಗಿದ್ದರೆ ಬಂಡಿಯಲ್ಲಿ ಕುಳಿತವರೆಲ್ಲರಿಗೂ ತಲೆಗೆ ನೂರು ನೂರು ಪಣಗಳ ದಂಡ. ಬಳಿಕ ಹಿಂಸೆಯ ತಾರತಮ್ಯವನ್ನು ಹೇಳುವನು. ಮನುಷ್ಯನು ಸತ್ತರೆ ಕಳ್ಳನಿಗೆ ಸಮಾನವಾದ ದೋಷ; ಹಸು, ಆನೆ, ಒಂಟೆ, ಕುದುರೆ ಮೊದಲಾದ ದೊಡ್ಡ ಪ್ರಾಣಿಗಳಿಗೆ ಅದರಲ್ಲಿ ಅರ್ಧ; ಚಿಕ್ಕ ಪಶುಗಳಿಗೆ ೨೦೦ ಪಣ; ಶುಭವಾದ ಮೃಗಪಕ್ಷಿಗಳಿಗೆ ೫೦ ಪಣ; ಕತ್ತೆ, ಆಡು, ಕುರಿಗಳಿಗೆ ಐದು ಮಾಷ; ನಾಯಿ ಹಂದಿಗಳಿಗೆ ಒಂದು ಮಾಷ.

ಇಲ್ಲಿ ಆಪ್ತಶಬ್ದದ ಅರ್ಥವೇನೆಂಬುದು ವಿಚಾರಿಸಬೇಕಾದ ವಿಷಯ. ನ್ಯಾಯಶಾಸ್ತ್ರದಲ್ಲಿ ಆಪ್ತನೆಂದರೆ ನಂಬತಕ್ಕವನು, ಯಥಾರ್ಥವನ್ನು ಬಲ್ಲವನು ಮತ್ತು ನುಡಿಯುವವನು. ಪ್ರಕೃತದಲ್ಲಿ ಕುಲ್ಲೂಕಭಟ್ಟನು ಕುಶಲನೆಂದು ಅರ್ಥಮಾಡಿರುವನು. ಹಿಂದಿನ ಶ್ಲೋಕದ ವೈಗುಣ್ಯಶಬ್ದಕ್ಕೆ ಪ್ರತಿಯಾಗಿ ಇದು ಬಂದಿರುವುದರಿಂದ ಆ ಅರ್ಥವೇ ಸರಿಯೆಂದು ತೋರುತ್ತದೆ. ಆದರೆ ನಂಬತಕ್ಕವನೆಂಬ ಅರ್ಥದ ಛಾಯೆಯೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಯಾರನ್ನು ನಂಬಿ ಒಡೆಯನು ಬಂಡಿಯನ್ನೂ ಪ್ರಯಾಣಿಕರು ತಮ್ಮ ಪ್ರಾಣವನ್ನೂ ಒಪ್ಪಿಸಬಹುದೋ ಅವನೇ ಆಪ್ತನಾದ ಸಾರಥಿಯು. ಹೀಗೆ ತಿಳಿದರೆ ಪ್ರಯಾಣಿಕರಿಗೆ ವಿಧಿಸಿದ ದಂಡದ ಔಚಿತ್ಯವೂ ತಿಳಿಯುತ್ತದೆ. ಕುಶಲಿಯನ್ನು ನೇಮಿಸುವುದರಿಂದ ಒಡೆಯನು ತನ್ನ ಕರ್ತವ್ಯವನ್ನು ತೀರಿಸಿದಂತಾಯಿತು. ಆಮೇಲಿನ ಪ್ರಮಾದವು ಕುಶಲಿಯದು. ಅಕುಶಲನನ್ನು ನೇಮಿಸಿದಲ್ಲಿ ನೇಮಕವೇ ಮೊದಲ ಪ್ರಮಾದವು. ಇಕ್ಷ್ವಾಕುಗಳ ತೀರ್ಪಿಗಿಂತ ಇದು ಎಷ್ಟೋ ಮುಂದುವರಿದ ನ್ಯಾಯವೆಂಬುದರಲ್ಲಿ ಸಂದೇಹವಿಲ್ಲ.

ಯಾಜ್ಞವಲ್ಕ್ಯನೂ ವ್ಯವಹಾರಾಧ್ಯಾಯದಲ್ಲಿ ಮೂಗುದಾರ ಕಡಿದಾಗ, ನೊಗ ಮುಂತಾದುವು ಮುರಿದಾಗ, ಬಂಡಿಯು ಹಿಂದಕ್ಕೆ ಸರಿದಾಗ ಸ್ವಾಮಿಗೆ ದೋಷವಿಲ್ಲವೆಂದೂ, ಸರಿಯೆಂದು ಕೂಗಿ ಎಚ್ಚರಿಸಿದವನಿಗೆ ದೋಷವಿಲ್ಲವೆಂದೂ ಹೇಳಿರುವನು. ಈ ಸ್ಮೃತಿಗೆ ವಿಜ್ಞಾನೇಶ್ವರನು ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದುದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿ ಎಂಬುದು ಕನ್ನಡಿಗರೆಲ್ಲರಿಗೂ ತಿಳಿದ ಸಂಗತಿ.

೩. ಕೌಟಿಲ್ಯನ ಮತ

ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕಂಡು ೧೯೦೯ರಲ್ಲಿ ಅಚ್ಚುಹಾಕಿಸಿದ ಅರ್ಥಶಾಸ್ತ್ರದಲ್ಲಿ, ಕಂಟಕಶೋಧನಾಧಿಕರಣದ ಕೊನೆಯ ಅಧ್ಯಾಯವು ಇದೇ ವಿಷಯವನ್ನು ಸ್ಪರ್ಶಿಸುತ್ತದೆ. ಮೂಗುದಾರ ಕಡಿದು, ನೊಗ ಮುರಿದು, ಅಡ್ಡಲಾಗಿ ಅಥವಾ ಹಿಂದಕ್ಕೆ ಸರಿದ ಬಂಡಿಯಿಂದಾದ ಹಿಂಸೆಗೆ ಇಲ್ಲಿಯೂ ದಂಡವಿಲ್ಲ. ಆದರೆ ಎರಡು ಭೇದಗಳುಂಟು.

ಮೊದಲನೆಯದು ಜನಸಂದಣಿಯ ವಿಷಯ. ಪಶುಗಳೂ ಮನುಷ್ಯರೂ ಇಕ್ಕಟ್ಟಾಗಿರುವೆಡೆಯಲ್ಲಿ ಆದ ಹಿಂಸೆಗೆ ಕೌಟಿಲ್ಯನು ದಂಡವನ್ನು ಹೇಳಿಲ್ಲ. ಮನುವಾದರೋ ದಾರಿಯಲ್ಲಿ ಪಶುಗಳಿಂದಾಗಲಿ ಬೇರೊಂದು ರಥದಿಂದಾಗಲಿ ಅಡ್ಡಿಯುಂಟಾಗಿರುವಾಗ ಪ್ರಾಣಿಹಿಂಸೆ ಮಾಡಿದವನಿಗೆ ವಿಚಾರವಿಲ್ಲದೆ ದಂಡವೆನ್ನುವನು. ಅಡ್ಡಿಯು ಕಂಡಾಗ ನಿಲ್ಲುವುದೇ ಸಾರಥಿಯ ಧರ್ಮವೆಂಬುದು ಮನುವಿನ ಆಶಯವು. ಈ ಅಂಶದಲ್ಲಿ ಇಂದಿನ ನ್ಯಾಯವು ಮನುವಿನ ಕಡೆಗಿದೆ.

ಎರಡನೆಯದು ಸಾರಥಿಯ ಯೋಗ್ಯತೆಯ ವಿಷಯ. ಮನುವು ಕೌಶಲವನ್ನು ಕೇಳಿದರೆ ಕೌಟಿಲ್ಯನು ವಯಸ್ಸನ್ನು ಕೇಳುವನು. ಓಡಿಸುವವನು ಬಾಲನಾಗಿದ್ದರೆ ಬಂಡಿಯಲ್ಲಿರುವ ಸ್ವಾಮಿಗೆ ದಂಡ. ಸ್ವಾಮಿಯಿಲ್ಲದಿದ್ದರೆ ಬಂಡಿಯಲ್ಲಿ ಕುಳಿತವನಿಗೆ, ಅಥವಾ ಪ್ರಾಪ್ತವ್ಯವಹಾರನಾದ ಸಾರಥಿಗೆ ದಂಡ. ಬಾಲನು ಓಡಿಸುವ, ಅಥವಾ ಆಳೇ ಇಲ್ಲದ ಬಂಡಿಯನ್ನು ರಾಜನು ವಶಪಡಿಸಿಕೊಳ್ಳತಕ್ಕದ್ದು. ಪ್ರಾಪ್ತವ್ಯವಹಾರನೆಂದರೆ ಗಂಡಿಗೆ ಹದಿನಾರು ವರ್ಷವೆಂದು ಬೇರೆಡೆಯಲ್ಲಿ ಹೇಳಿದೆ. ಕೌಶಲವನ್ನು ಅಳೆಯುವುದು ಕಷ್ಟ. ವಯಸ್ಸನ್ನು ಎಣಿಸುವುದು ಸುಲಭ. ಆಡಳಿತಗಾರನು ಎಣಿಸಬಹುದಾದುದನ್ನೇ ಹಿಡಿದನೆಂದು ತಿಳಿಯಬೇಕು.

ಇದಕ್ಕಿಂತಲೂ ಮುಖ್ಯವಾದ ವಾಕ್ಯವು ನಾವಧ್ಯಕ್ಷಪ್ರಕರಣದಲ್ಲಿದೆ. ಆಳುಗಳಾಗಲಿ ಉಪಕರಣಗಳಾಗಲಿ ಸಾಲದೆ, ಅಥವಾ ದುರಸ್ತಿಯಿಲ್ಲದೆ ಇರುವ ದೋಣಿಯು ಅಪಾಯಕ್ಕೀಡಾದರೆ, ನಷ್ಟವಾದುದನ್ನು ನಾವಧ್ಯಕ್ಷನೇ ತುಂಬಿಕೊಡತಕ್ಕದ್ದು. ಅಕಾಲದಲ್ಲಿ, ಕಡವಲ್ಲದೆಡೆಯಲ್ಲಿ ದಾಟಿದವರಿಗೆ ಪೂರ್ವಸಾಹಸದಂಡವುಂಟು. ಇಲ್ಲಿ ಅಂಬಿಗನ ಕೌಶಲದ ಪ್ರಶ್ನೆಯೇ ಏಳುವುದಿಲ್ಲ. ದೋಣಿಗಳ ಸಮೂಹವನ್ನು ನಡೆಯಿಸುವ ಅಧಿಕಾರಿಯೇ ಹೊಣೆಗಾರನು. ಮನುವಿನ ಹತ್ತು ವಿನಾಯಿತಿಗಳನ್ನು ಓದಿದವರಿಗೆ, ಅಚ್ಚು ಸವೆದಿದ್ದರೂ ಬದಲಾಯಿಸದ ಒಡೆಯನು ಪಾರಾಗುವನಲ್ಲಾ ಎಂಬ ಶಂಕೆಯು ಸಹಜವಾಗಿ ಹುಟ್ಟುತ್ತದೆ. ಮುರಿಯುವಿಕೆಯು ದೈವಕೃತವೋ ಉಪೇಕ್ಷಾಕೃತವೋ ಎಂಬ ಭೇದವನ್ನು ಆ ಶ್ಲೋಕಗಳು ಮಾಡಿಲ್ಲ. ನಾವಧ್ಯಕ್ಷನ ನಿಯಮವು ಆ ಭೇದವನ್ನು ಮಾಡುತ್ತದೆ. ನೆಲದ ಬಂಡಿಗೆ ಅದನ್ನು ಯಾರೂ ಅನ್ವಯಿಸದೆ ಹೋದುದು ನಮ್ಮ ಶಾಸ್ತ್ರದಲ್ಲಿ ಉಳಿದ ಒಂದು ನ್ಯೂನತೆಯೆಂದೇ ಹೇಳಬೇಕು.

ರಥಾಧ್ಯಕ್ಷನ ಪ್ರಕರಣದಲ್ಲಿ ಹೇಳಿರುವ ರಥಭೇದಗಳಲ್ಲಿ ವೈನಯಿಕವೆಂಬುದೊಂದು. ಅದು ಶಿಕ್ಷಣಕ್ಕಾಗಿಯೇ ಇಟ್ಟ ರಥವು. ಸಾರಥಿಗಳ ಕೆಲಸ, ವೇತನ, ಅಭ್ಯಾಸ, ರಕ್ಷಣೆ, ಧನದಿಂದಲೂ ಮಾನದಿಂದಲೂ ಮಾಡುವ ಸತ್ಕಾರ ಇವೆಲ್ಲ ಅಧ್ಯಕ್ಷನ ಹೊಣೆಗಳು. ದುರ್ಗನಿವೇಶದಲ್ಲಿ ರಥಪಥಕ್ಕೆ ಐದು ಅರತ್ನಿ, ಪಶುಪಥಕ್ಕೆ ನಾಲ್ಕು, ಚಿಕ್ಕ ಪಶುಗಳ ಮತ್ತು ಮನುಷ್ಯರ ಪಥಕ್ಕೆ ಎರಡು ಎಂದು ದಾರಿಗಳನ್ನೇ ಬೇರ್ಪಡಿಸಿದೆ. ದಂಡವು ಹಿಂಸೆಯ ಅನಂತರದ್ದು. ಶಿಕ್ಷಣ, ಸತ್ಕಾರ, ಪಥವಿಭಾಗಗಳು ಹಿಂಸೆಗೆ ಮೊದಲಿನವು. ಈ ಎರಡನೆಯ ವರ್ಗವನ್ನು ಸ್ಮೃತಿಗಳಲ್ಲಿ ಕಾಣೆವು. ಅರ್ಥಶಾಸ್ತ್ರದಲ್ಲಿ ಮಾತ್ರ ಕಾಣುವೆವು.

೪. ಆಧುನಿಕ ಮಾನ

ಆಪ್ತನಾರೆಂಬುದನ್ನು ಅಳೆಯುವ ಪ್ರಯತ್ನವು ಇಪ್ಪತ್ತನೆಯ ಶತಮಾನದಲ್ಲಿ ಆರಂಭವಾಯಿತು. ಹ್ಯೂಗೋ ಮುನ್‌ಸ್ಟರ್‌ಬರ್ಗ್ ಎಂಬ ಮನಶ್ಶಾಸ್ತ್ರಜ್ಞನು ಅಮೆರಿಕದಲ್ಲಿ ವಿದ್ಯುತ್ ಟ್ರಾಮುಗಳ ಚಾಲಕರ ಅವಧಾನವನ್ನು ಪರೀಕ್ಷಿಸುವ ಸಾಧನವನ್ನು ಕಲ್ಪಿಸಿ ೧೯೧೩ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಗ್ರಂಥದಲ್ಲಿ ಅದನ್ನು ವರ್ಣಿಸಿದನು. ೧೯೧೯ರಲ್ಲಿ ಇಂಗ್ಲೆಂಡಿನ ಗ್ರೀನ್‌ವುಡ್ ಮತ್ತು ವುಡ್ಸ್ ಎಂಬವರು ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರಿಗೆ ಒದಗಿದ ಅಪಘಾತಗಳನ್ನು ಎಣಿಸಿ, ಅವು ಎಲ್ಲರಿಗೂ ಸಮವಾಗಿ, ಕೇವಲ ಆಕಸ್ಮಿಕವಾಗಿ ಹಂಚಿಹೋಗಿಲ್ಲವೆಂದೂ ಕೆಲವರಿಗೆ ಹೆಚ್ಚಾಗಿ ಒದಗುವುವೆಂದೂ ತೋರಿಸಿದರು. ಅಪಘಾತಶೀಲರಾದ ಕೆಲವರನ್ನು ತೆಗೆದುಹಾಕಿದರೆ ಸಾಕೆಂಬ ಮತವು ಇದರಿಂದ ಹಬ್ಬಿತು.

ಈ ಮತದಲ್ಲಿ ಒಂದು ಹೇತ್ವಾಭಾಸವಿದೆ. ನೂರು ಮಂದಿ ಚಾಲಕರಲ್ಲಿ ಒಂದು ವರ್ಷದೊಳಗೆ ಒದಗುವ ಅಪಘಾತಗಳು ಕೆಲವೇ ಆಗಿರುವಾಗ, ಎಲ್ಲರೂ ಸಮಾನ ಕುಶಲರಾಗಿದ್ದರೂ ಯಾರಿಗೋ ಕೆಲವರಿಗೆ ಎರಡು ಬರುವುವು, ಹಲವರಿಗೆ ಒಂದೂ ಬಾರದು. ಮುಂದಿನ ವರ್ಷ ಆ ಕೆಲವರೇ ಮತ್ತೆ ಮುಂದಿರುವರೆಂಬ ನಿಯಮವಿಲ್ಲ. ಅದಲ್ಲದೆ, ರಾತ್ರಿಯ ಘಾಟಿಯಲ್ಲಿ ಓಡಿಸುವವನನ್ನೂ ಹಗಲಿನ ಬಯಲುದಾರಿಯಲ್ಲಿ ಓಡಿಸುವವನನ್ನೂ ಒಂದೇ ಎಣಿಕೆಯಿಂದ ತೂಗುವುದು ಸರಿಯಲ್ಲ. ಆದುದರಿಂದಲೇ ಓಡಿದ ದೂರಕ್ಕೆ ಇಷ್ಟು ಅಪಘಾತವೆಂದು ಲೆಕ್ಕಹಾಕುವ ಪದ್ಧತಿಯೂ, ಅಪಘಾತಕ್ಕೆ ಮುಂಚಿನ ಲಕ್ಷಣಗಳಾದ ಅತಿವೇಗ, ಹಠಾತ್ತಾಗಿ ಬ್ರೇಕು ಹಾಕುವುದು, ವಿಶ್ರಾಂತಿಯಿಲ್ಲದ ಓಟ ಇವುಗಳನ್ನು ಯಂತ್ರಗಳಿಂದ ಅಳೆಯುವ ಪದ್ಧತಿಯೂ ಬಂದಿವೆ. ಯೂರೋಪಿನ ಸಮುದಾಯವು ೧೯೭೦ರ ನಿಯಮದಿಂದ ಲಾರಿ ಬಸ್ಸುಗಳ ಓಟವನ್ನೂ ವಿರಾಮವನ್ನೂ ದಾಖಲಿಸುವ ಟ್ಯಾಕೊಗ್ರಾಫ್ ಯಂತ್ರವನ್ನು ವಿಧಿಸಿತು. ಭಾರತದಲ್ಲಿ ೨೦೧೯ರ ಜನವರಿಯಿಂದ ಹೊಸ ಸಾರ್ವಜನಿಕ ಸೇವಾವಾಹನಗಳಿಗೆ ಸ್ಥಾನಸೂಚಕ ಯಂತ್ರವು ಕಡ್ಡಾಯವಾಗಿದೆ.

ಮಾನವು ಸೂಕ್ಷ್ಮವಾದಷ್ಟೂ ಒಂದು ಅಪಾಯವು ಬೆಳೆಯುತ್ತದೆ. ಯಂತ್ರವು ಅಳೆಯುವುದು ಹಗ್ಗ ಹಿಡಿದವನನ್ನು. ಅವನಿಗೆ ವೇಳಾಪಟ್ಟಿಯನ್ನು ಬರೆದುಕೊಟ್ಟವನನ್ನಲ್ಲ. ತಲಪಲಾಗದ ಸಮಯಕ್ಕೆ ತಲಪಬೇಕೆಂದು ಆಜ್ಞೆಯಿತ್ತು, ಬಳಿಕ ಅತಿವೇಗಕ್ಕೆ ಚಾಲಕನನ್ನು ದಂಡಿಸಿದರೆ, ಇಕ್ಷ್ವಾಕುಗಳ ತೀರ್ಪನ್ನೇ ಅಂಕಿಗಳಲ್ಲಿ ಬರೆದಂತಾಗುವುದು. ಇದನ್ನು ತಡೆಯುವ ವಿಧಿಗಳು ಇಲ್ಲದಿಲ್ಲ. ನಮ್ಮ ದೇಶದ ೧೯೬೧ರ ಮೋಟಾರು ಸಾರಿಗೆ ಕೆಲಸಗಾರರ ಅಧಿನಿಯಮವು ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನೂ, ಐದು ಗಂಟೆಗಳೊಳಗಾಗಿ ಅರ್ಧ ಗಂಟೆಯ ವಿರಾಮವನ್ನೂ ವಿಧಿಸಿತು. ಯೂರೋಪಿನ ೨೦೦೬ರ ನಿಯಮವು ಸುರಕ್ಷತೆಗೆ ಕುಂದು ತರುವಂತೆ ಓಡಿದ ದೂರಕ್ಕೋ ಹೊತ್ತ ಸರಕಿಗೋ ತಕ್ಕ ಕೂಲಿಯನ್ನು ಕೊಡುವುದನ್ನು ನಿಷೇಧಿಸಿ, ಚಾಲಕನ ಅತಿಕ್ರಮಕ್ಕೆ ಸಂಸ್ಥೆಯನ್ನೂ ಹೊಣೆಮಾಡಿದೆ. ೧೯೮೮ರ ಮೋಟಾರು ವಾಹನ ಅಧಿನಿಯಮವು ಅನುಜ್ಞೆಯಿಲ್ಲದವನಿಗೆ ವಾಹನವನ್ನು ಒಪ್ಪಿಸಿದ ಒಡೆಯನನ್ನು ದಂಡಿಸುತ್ತದೆ. ಇದು ಮನುವಿನ ಅನಾಪ್ತಪ್ರಾಜಕನ್ಯಾಯವೇ. ಅದಕ್ಕೆ ೨೦೧೯ರಲ್ಲಿ ಆದ ತಿದ್ದುಪಡಿಯು ಬಾಲಕನು ಓಡಿಸಿ ಅಪರಾಧವಾದರೆ ಪೋಷಕನಿಗೆ ಅಥವಾ ಒಡೆಯನಿಗೆ ಮೂರು ವರ್ಷಗಳವರೆಗಿನ ಸೆರೆಯನ್ನೂ ೨೫,೦೦೦ ರೂಪಾಯಿಗಳ ದಂಡವನ್ನೂ, ವಾಹನದ ನೋಂದಣಿಗೆ ಹನ್ನೆರಡು ತಿಂಗಳ ರದ್ದತಿಯನ್ನೂ ಹೇಳಿದೆ. ಇದನ್ನು ಓದಿದ ಅರ್ಥಶಾಸ್ತ್ರಾಭ್ಯಾಸಿಗೆ ಕೌಟಿಲ್ಯನ ಬಾಲಾಧಿಷ್ಠಿತಯಾನದ ವಾಕ್ಯವು ನೆನಪಾಗದಿರದು. ನಮ್ಮ ನಾಡಿನ ಸರ್ಕಾರಿ ಸಾರಿಗೆಯಲ್ಲಿ ಅಪಘಾತವಿಲ್ಲದೆ ಬಹುಕಾಲ ಓಡಿಸಿದವರಿಗೆ ಬೆಳ್ಳಿ ಬಂಗಾರದ ಪದಕಗಳನ್ನು ಕೊಡುವ ಪದ್ಧತಿಯು ರಥಾಧ್ಯಕ್ಷನ ಮಾನಸತ್ಕಾರಕ್ಕೆ ಸದೃಶವಾಗಿದೆ.

೫. ಉಪಸಂಹಾರ

ಈವರೆಗಿನ ವಿಚಾರದಿಂದ ಮೂರು ಸಂಗತಿಗಳು ಸಿದ್ಧವಾಗುತ್ತವೆ. ಓಡಿಸಿದವನೇ ಅಪರಾಧಿಯೆಂಬ ಸ್ಥೂಲ ನ್ಯಾಯವನ್ನು ನಮ್ಮವರು ಬ್ರಾಹ್ಮಣಗಳ ಕಾಲದಲ್ಲಿಯೇ ಸಂದೇಹಿಸಿದರು. ಮನುವು ನೇಮಕದ ದೋಷವನ್ನು ಒಡೆಯನಿಗೆ ಹಚ್ಚಿದನು. ಕೌಟಿಲ್ಯನು ಉಪೇಕ್ಷೆಯ ದೋಷವನ್ನು ಅಧ್ಯಕ್ಷನಿಗೆ ಹಚ್ಚಿ, ಹಿಂಸೆಗೆ ಮುಂಚಿನ ಶಿಕ್ಷಣವನ್ನು ಕಲ್ಪಿಸಿದನು. ಅವರಿಗಿಲ್ಲದ ಮಾನಸಾಧನಗಳು ಇಂದು ನಮಗಿವೆ. ಇವು ಚಾಲಕನನ್ನು ಅಳೆದಂತೆಯೇ ಅವನ ಒಡೆಯನು ಕೊಟ್ಟ ವೇಳೆಯನ್ನೂ ವಿಶ್ರಾಂತಿಯನ್ನೂ ಬಂಡಿಯ ದುರಸ್ತಿಯನ್ನೂ ಅಳೆಯುವಂತಾದರೆ ಮಾತ್ರ ಆಪ್ತಶಬ್ದವು ಸಾರ್ಥಕವಾಗುವುದು. ಸ್ಮೃತಿನಿಬಂಧಗಳಲ್ಲಿ ದಂಡಪಾರುಷ್ಯಪ್ರಕರಣವನ್ನು ಈ ದೃಷ್ಟಿಯಿಂದ ಶೋಧಿಸುವವರು ಇನ್ನೂ ಹೆಚ್ಚಿನ ಸಾಮಗ್ರಿಯನ್ನು ಪಡೆಯುವರೆಂದು ನಂಬಿ, ಈ ವಿಷಯವನ್ನು ವಿದ್ವಾಂಸರ ಪರಾಮರ್ಶೆಗೆ ಒಪ್ಪಿಸಿರುತ್ತೇನೆ.